ನುಣುಪು ಶಾಫ್ಟಿನ ಮೇಲೆ ಓಡುವ ಡ್ರೈವ್: ಆಯ್ಕೆ, ಜೋಡಣೆ, ನಿಗಾ

ತಿರುಗುವ ಚಲನೆಯನ್ನು ನೇರ ಚಲನೆಯಾಗಿ ಮಾರ್ಪಡಿಸಲು ಯಂತ್ರಗಳಲ್ಲಿ ಹೆಚ್ಚಾಗಿ ಬಳಕೆಯಾಗುವುದು ಥ್ರೆಡ್ ಇರುವ ಸ್ಕ್ರೂ, ಹಲ್ಲಿನ ಪಟ್ಟಿ ಇಲ್ಲವೇ ಟೈಮಿಂಗ್ ಬೆಲ್ಟ್. ಹಲ್ಲೂ ಇಲ್ಲದ, ಥ್ರೆಡ್ಡೂ ಇಲ್ಲದ ಇನ್ನೊಂದು ಬಗೆಯಿದೆ. ಅದು ಬರೀ ಘರ್ಷಣೆಯಿಂದ ನಡೆಯುವ ಲೀನಿಯರ್ ಡ್ರೈವ್. ನುಣುಪಾದ ಉಕ್ಕಿನ ಶಾಫ್ಟ್ ಒಂದೇ ದಿಕ್ಕಿಗೆ ತಿರುಗುತ್ತಲೇ ಇರುತ್ತದೆ. ಅದನ್ನು ಹಿಡಿದು ಕೂತ ಪುಟ್ಟ ಪೆಟ್ಟಿಗೆಯಂಥ ಯೂನಿಟ್ ಈ ತುದಿಯಿಂದ ಆ ತುದಿಗೆ ಹೋಗಿ ತಾನಾಗಿಯೇ ಮರಳುತ್ತದೆ. ತಾಮ್ರದ ತಂತಿ, ಕೇಬಲ್, ಹಗ್ಗ, ನೂಲು ಮುಂತಾದವನ್ನು ಸ್ಪೂಲಿಗೆ ಒತ್ತೊತ್ತಾಗಿ ಸುತ್ತುವ ಯಂತ್ರಗಳಲ್ಲಿ ಇದರ ಬಳಕೆ ಹೆಚ್ಚು. ಬಣ್ಣ ಸಿಂಪಡಿಸುವ ಗನ್ನನ್ನು ಅತ್ತಿತ್ತ ಓಡಿಸಲು, ಓಡುವ ಹಾಳೆಯ ದಪ್ಪ ಅಳೆಯುವ ತಲೆಯನ್ನು ಅಡ್ಡಡ್ಡ ಸರಿಸಲು ಕೂಡ ಇದನ್ನು ಬಳಸುತ್ತಾರೆ.

ಯೂನಿಟ್ಟಿನ ಒಳಗಿರುವುದು ಮೂರು ಅಥವಾ ನಾಲ್ಕು ಬೇರಿಂಗ್ ಉಂಗುರಗಳು. ಉಂಗುರದ ರಂಧ್ರ ಶಾಫ್ಟಿಗಿಂತ ದೊಡ್ಡದು, ಒಳಮೈ ನಡುವೆ ಉಬ್ಬಿಕೊಂಡಿರುತ್ತದೆ. ಹಾಗಾಗಿ ಪ್ರತಿ ಉಂಗುರವೂ ಶಾಫ್ಟನ್ನು ಮುಟ್ಟುವುದು ಒಂದೇ ಬಿಂದುವಿನಲ್ಲಿ. ಉಂಗುರವನ್ನು ಶಾಫ್ಟಿಗೆ ಸ್ವಲ್ಪ ಓರೆಯಾಗಿ ವಾಲಿಸಿ, ಸ್ಪ್ರಿಂಗಿನಿಂದ ಒತ್ತಿ ಹಿಡಿದರೆ, ಅದು ತಿರುಗುವ ಶಾಫ್ಟಿನ ಮೇಲೆ ಕಣ್ಣಿಗೆ ಕಾಣದ ಥ್ರೆಡ್ಡಿನ ಜಾಡು ಹಿಡಿದಂತೆ ಉರುಳುತ್ತ ಮುಂದೆ ಸಾಗುತ್ತದೆ. ವಾಲಿದ ಕೋನ ಹೆಚ್ಚಿದಷ್ಟೂ ಒಂದು ಸುತ್ತಿಗೆ ಸಾಗುವ ದೂರ, ಅಂದರೆ ಪಿಚ್, ಹೆಚ್ಚುತ್ತದೆ. ಕೋನ ಸೊನ್ನೆಯಾದರೆ ಶಾಫ್ಟ್ ತಿರುಗುತ್ತಿದ್ದರೂ ಯೂನಿಟ್ ನಿಂತಲ್ಲೇ ನಿಲ್ಲುತ್ತದೆ. ಎದುರು ದಿಕ್ಕಿಗೆ ವಾಲಿಸಿದರೆ ವಾಪಸ್ ಹೊರಡುತ್ತದೆ. ಲೆಕ್ಕ ಸರಳ: ಶಾಫ್ಟಿನ ಸುತ್ತಳತೆಯನ್ನು ಕೋನದ ಟ್ಯಾಂಜೆಂಟಿನಿಂದ ಗುಣಿಸಿದರೆ ಪಿಚ್ ಸಿಗುತ್ತದೆ. 20 ಮಿ.ಮೀ. ಶಾಫ್ಟಿನ ಸುತ್ತಳತೆ 62.8 ಮಿ.ಮೀ. ಅದರ ಮೇಲೆ ಉಂಗುರ 9 ಡಿಗ್ರಿ ವಾಲಿದರೆ ಸುತ್ತಿಗೆ ಸುಮಾರು 10 ಮಿ.ಮೀ. ಓಟ.

ಜರ್ಮನಿಯ ಊಹಿಂಗ್ ಕಂಪನಿಯ ಹೆಸರು ಈ ಬಗೆಯ ಡ್ರೈವಿಗೆ ಅಂಟಿಕೊಂಡೇ ಬಂದಿದೆ. ಅಮೆರಿಕದ ಜೀರೋ-ಮ್ಯಾಕ್ಸ್ ಕಂಪನಿಯ ರೋಲಿಕ್ಸ್ ಇದರ ದಾಯಾದಿ. ಅದರಲ್ಲಿ ಎರಡು ಹೋಳಾದ ಬ್ಲಾಕಿನೊಳಗೆ ಆರು ಸಣ್ಣ ಬೇರಿಂಗುಗಳು ನಿಗದಿತ ಕೋನದಲ್ಲಿ ಕೂತಿರುತ್ತವೆ. ಆ ಕೋನ ಬದಲಿಸಲು ಬರುವುದಿಲ್ಲವಾದ್ದರಿಂದ ಪಿಚ್ ಖಾಯಂ. ಯೂನಿಟ್ ಹಿಂದಿರುಗಬೇಕಾದರೆ ಮೋಟಾರನ್ನೇ ಹಿಂದಕ್ಕೆ ತಿರುಗಿಸಬೇಕು. ಮೋಟಾರ್ ನಿಲ್ಲದೆ ಓಡುವ ಸುತ್ತುಯಂತ್ರಕ್ಕೆ ವಾಲುವ ಉಂಗುರದ ಡ್ರೈವೇ ಸರಿ. ಬಾಗಿಲು ತೆರೆಯುವ, ಟೇಬಲ್ ಸರಿಸುವ, ನಡುನಡುವೆ ನಿಂತು ಹೊರಡುವ ಕೆಲಸಕ್ಕೆ ಖಾಯಂ ಪಿಚ್ಚಿನದು ಸಾಕು, ಅಗ್ಗವೂ ಹೌದು.

ಆಯ್ಕೆಗೆ ಮೊದಲು

ಈ ಡ್ರೈವ್ ಎಲ್ಲಿಗೆ ಸಲ್ಲದು ಎಂಬುದನ್ನು ಮೊದಲು ತಿಳಿಯಬೇಕು. ಘರ್ಷಣೆಯಿಂದ ನಡೆಯುವ ಯಾವುದೇ ಡ್ರೈವ್ ಹೊರೆ ಬಿದ್ದಾಗ ಚೂರುಚೂರೇ ಹಿಂದೆ ಜಾರುತ್ತದೆ. ಒಂದೊಂದು ಸುತ್ತಿನಲ್ಲಿ ಅದು ನಗಣ್ಯ, ಸಾವಿರ ಸುತ್ತಾದ ಮೇಲೆ ಅಲ್ಲ. ಸಿ7 ದರ್ಜೆಯ ಸಾಧಾರಣ ಬಾಲ್ ಸ್ಕ್ರೂ 300 ಮಿ.ಮೀ. ಓಟಕ್ಕೆ 0.05 ಮಿ.ಮೀ. ಒಳಗೆ ತಪ್ಪು ಇಟ್ಟುಕೊಳ್ಳುತ್ತದೆ. ಉಂಗುರದ ಡ್ರೈವಿನಿಂದ ಅಂಥ ಭರವಸೆ ಸಿಗುವುದಿಲ್ಲ. ಸಿಎನ್‌ಸಿ ಯಂತ್ರದಂತೆ ಹೇಳಿದ ಜಾಗಕ್ಕೇ ಬಂದು ನಿಲ್ಲಬೇಕಾದ ಕೆಲಸವಿದ್ದರೆ ಯೂನಿಟ್ ತಳ್ಳುವ ಕ್ಯಾರೇಜಿಗೆ ಪ್ರತ್ಯೇಕ ಅಳತೆಪಟ್ಟಿ ಅಥವಾ ಎನ್‌ಕೋಡರ್ ಬೇಕು. ಅದಕ್ಕೂ ಖರ್ಚು ಮಾಡಿ ಇದನ್ನೇ ಹಾಕುವುದಕ್ಕಿಂತ ಬಾಲ್ ಸ್ಕ್ರೂ ಕೊಳ್ಳುವುದೇ ಲೇಸು. ಸುತ್ತುವ ಕೆಲಸದಲ್ಲಿ ಮಾತ್ರ ಈ ಕೊರತೆ ಬಾಧಿಸುವುದಿಲ್ಲ: ಅಲ್ಲಿ ಯೂನಿಟ್ ಎರಡು ತುದಿಯ ತಡೆಗಳ ನಡುವೆ ಓಡುತ್ತದೆ, ಪ್ರತಿ ಸಾಲೂ ಹೊಸದಾಗಿ ಶುರುವಾಗುತ್ತದೆ, ಹಳೆಯ ತಪ್ಪು ಕೂಡುತ್ತ ಹೋಗುವುದಿಲ್ಲ.

ಯೂನಿಟ್ಟಿನ ಗಾತ್ರ ನಿರ್ಧರಿಸುವುದು ತಳ್ಳುಬಲ. ಎಣ್ಣೆ ಸವರಿದ ಉಕ್ಕಿನ ಮೇಲೆ ಉಕ್ಕು ಉರುಳುವಾಗ ಘರ್ಷಣಾಂಕ 0.1ರ ಆಸುಪಾಸಿನಲ್ಲಿ ಇರುತ್ತದೆ ಎಂದು ಹಿಡಿದರೆ, 100 ನ್ಯೂಟನ್ ತಳ್ಳಲು ಉಂಗುರಗಳು ಶಾಫ್ಟನ್ನು ಒಟ್ಟು 1000 ನ್ಯೂಟನ್ನಿನಷ್ಟು, ಅಂದರೆ ನೂರು ಕಿಲೋ ತೂಕದಷ್ಟು, ಒತ್ತಬೇಕು. ಅಷ್ಟೂ ಒತ್ತಡ ಬೀಳುವುದು ಮೂರು ನಾಲ್ಕು ಬಿಂದುಗಳ ಮೇಲೆ. ಕ್ಯಾಟಲಾಗಿನ ಮುಂದಿನ ಎಲ್ಲ ಷರತ್ತುಗಳಿಗೂ ಇದೇ ಮೂಲ.

ಬೇಕಾದ ತಳ್ಳುಬಲದ ಲೆಕ್ಕದಲ್ಲಿ ಹೆಚ್ಚಿನವರು ಕ್ಯಾರೇಜ್ ಓಡುವ ಗೈಡಿನ ಘರ್ಷಣೆಯನ್ನಷ್ಟೇ ಹಿಡಿದು, ಮರಳುವ ಗಳಿಗೆಯನ್ನು ಬಿಡುತ್ತಾರೆ. 8 ಕಿಲೋ ತೂಕದ ಕ್ಯಾರೇಜ್ ಸೆಕೆಂಡಿಗೆ 80 ಮಿ.ಮೀ. ವೇಗದಲ್ಲಿ ಅಡ್ಡ ಓಡುತ್ತಿದೆ ಎನ್ನೋಣ. ಬುಷ್ ಮೇಲೆ ಜಾರುವ ಗೈಡಾದರೆ ಘರ್ಷಣೆಗೆ ಬೇಕಾದದ್ದು ಸುಮಾರು 8 ನ್ಯೂಟನ್. ತುದಿಯಲ್ಲಿ 0.1 ಸೆಕೆಂಡಿನಲ್ಲಿ ದಿಕ್ಕು ಬದಲಾದರೆ ವೇಗದ ಒಟ್ಟು ವ್ಯತ್ಯಾಸ ಸೆಕೆಂಡಿಗೆ 160 ಮಿ.ಮೀ.; ಅದಕ್ಕೆ ಇನ್ನೂ 13 ನ್ಯೂಟನ್ ಬೇಕು. ಇದೇ ಕ್ಯಾರೇಜನ್ನು ಸೆಕೆಂಡಿಗೆ 300 ಮಿ.ಮೀ. ಓಡಿಸಿದರೆ ಘರ್ಷಣೆ ಹಾಗೆಯೇ ಇದ್ದು, ಮರಳುವ ಬಲ 48 ನ್ಯೂಟನ್ನಿಗೆ ಏರುತ್ತದೆ. ತಂತಿಯ ಎಳೆತ, ಜೊತೆಗೆ ಎಳೆದಾಡುವ ವೈರು-ಪೈಪುಗಳ ತೊಡಕು ಇದರ ಮೇಲೆ. ಯಂತ್ರ ಓಟದ ನಡುವೆ ಚೆನ್ನಾಗಿದ್ದು ತುದಿಯಲ್ಲಿ ಮಾತ್ರ ತಡವರಿಸುತ್ತದೆ ಎಂಬ ದೂರಿನ ಹಿಂದೆ ಹೆಚ್ಚಾಗಿ ಈ ಲೆಕ್ಕದ ಲೋಪವೇ ಇರುತ್ತದೆ. ಬಂದ ಮೊತ್ತದ ಎರಡು ಪಟ್ಟು ಸಾಮರ್ಥ್ಯದ ಯೂನಿಟ್ ಆರಿಸುವುದು ಕ್ಷೇಮ. ಅದಕ್ಕಿಂತ ತೀರಾ ದೊಡ್ಡದೂ ಬೇಡ: ಜಾಸ್ತಿ ಒತ್ತುವ ಯೂನಿಟ್ ಶಾಫ್ಟನ್ನು ಜಾಸ್ತಿ ತಿನ್ನುತ್ತದೆ.

ಮೋಟಾರಿನ ವಿಷಯದಲ್ಲಿ ತಲೆಬಿಸಿ ಇಲ್ಲ. 50 ನ್ಯೂಟನ್ ತಳ್ಳಲು 10 ಮಿ.ಮೀ. ಪಿಚ್ಚಿನಲ್ಲಿ ಬೇಕಾದ ತಿರುಚುಬಲ 0.08 ನ್ಯೂಟನ್-ಮೀಟರ್ ಮಾತ್ರ. ಉಂಗುರಗಳು ಸುಮ್ಮನೆ ತಿರುಗುವುದಕ್ಕೆ ಹಿಡಿಯುವ ಬಲವನ್ನು ಇದಕ್ಕೆ ಕೂಡಿಸಿಕೊಳ್ಳಬೇಕು. ಸುತ್ತುಯಂತ್ರಗಳಲ್ಲಿ ಬೇರೆ ಮೋಟಾರೇ ಬೇಡ, ಸ್ಪೂಲಿನಿಂದ ಬೆಲ್ಟ್ ಹಾಕಿ ಶಾಫ್ಟನ್ನು ತಿರುಗಿಸಿದರಾಯಿತು. ಆಗ ಸ್ಪೂಲಿನ ವೇಗ ಏರಲಿ ಇಳಿಯಲಿ, ಸಾಲಿನ ಅಂತರ ಕೆಡುವುದಿಲ್ಲ.

ಬೆಲ್ಟಿನ ಅನುಪಾತ ಆರಿಸುವಾಗ ಮಾತ್ರ ಕೊಂಚ ಯೋಚನೆ ಬೇಕು. 1.5 ಮಿ.ಮೀ. ದಪ್ಪದ ವೈರನ್ನು ಒತ್ತಾಗಿ ಸುತ್ತಲು ಸ್ಪೂಲಿನ ಒಂದು ಸುತ್ತಿಗೆ ಯೂನಿಟ್ 1.5 ಮಿ.ಮೀ. ಸರಿಯಬೇಕು. ಸ್ಪೂಲೂ 20 ಮಿ.ಮೀ. ಶಾಫ್ಟೂ ಸಮ ವೇಗದಲ್ಲಿ ತಿರುಗಿದರೆ ಉಂಗುರದ ಕೋನ 1.4 ಡಿಗ್ರಿಯಷ್ಟೇ. ಅಲ್ಲಿ ಹತ್ತನೇ ಒಂದು ಡಿಗ್ರಿ ಹೆಚ್ಚುಕಡಿಮೆಯಾದರೆ ಪಿಚ್ಚಿನಲ್ಲಿ ಶೇ. 7ರಷ್ಟು ತಪ್ಪು. ಶಾಫ್ಟನ್ನು ಸ್ಪೂಲಿನ ಕಾಲು ವೇಗಕ್ಕೆ ಇಳಿಸಿ ಪಿಚ್ಚನ್ನು 6 ಮಿ.ಮೀ.ಗೆ ಏರಿಸಿದರೆ ಕೋನ ಐದೂವರೆ ಡಿಗ್ರಿಯಾಗಿ, ಅದೇ ಹೆಚ್ಚುಕಡಿಮೆಗೆ ತಪ್ಪು ಶೇ. 2ರ ಒಳಗೆ ನಿಲ್ಲುತ್ತದೆ. ಸುತ್ತಲಿರುವ ಅತಿ ದಪ್ಪನೆಯ ವೈರಿಗೆ ಯೂನಿಟ್ಟಿನ ಪಿಚ್ ಹೊಂದಿಸುವ ಸೂಚಿ ಗರಿಷ್ಠದ ಹತ್ತಿರ ಬರುವಂತೆ ಪುಲ್ಲಿ ಆರಿಸುವುದು ಅನುಭವಿಗಳ ಪದ್ಧತಿ.

ಶಾಫ್ಟ್ ಎಂಬ ಅರ್ಧ ಯಂತ್ರ

ಖರೀದಿಯಲ್ಲಿ ಯೂನಿಟ್ಟಿಗೆ ಸಿಗುವ ಗಮನ ಶಾಫ್ಟಿಗೆ ಸಿಗುವುದಿಲ್ಲ. ಯೂನಿಟ್ ಹೊರಗಿನಿಂದ ತರಿಸಿ, ಶಾಫ್ಟನ್ನು ಪಕ್ಕದ ಲೇತ್ ಅಂಗಡಿಯಲ್ಲಿ ಬ್ರೈಟ್ ಬಾರಿನಿಂದ ಮಾಡಿಸುವ ಉಳಿತಾಯ ಬಹಳ ಕಡೆ ನಡೆಯುತ್ತದೆ. ಮೆತ್ತನೆಯ ಉಕ್ಕು ಆ ಬಿಂದು ಒತ್ತಡವನ್ನು ತಾಳದು. ಬೇಗನೆ ಅದರ ಮೇಲೆ ಸುರುಳಿಯಾಕಾರದ ಗೀರು ಮೂಡಿ, ಉಂಗುರಗಳು ಆ ಗೀರಿನಲ್ಲೇ ಓಡತೊಡಗುತ್ತವೆ. ಆಮೇಲೆ ಪಿಚ್ ಬದಲಿಸಿದರೂ ಯೂನಿಟ್ ಹಳೆಯ ಗೀರನ್ನು ಬಿಡಲು ಒಲ್ಲದು. ಬೇಕಾದದ್ದು ಮೇಲ್ಮೈಯನ್ನು ಇಂಡಕ್ಷನ್ ವಿಧಾನದಲ್ಲಿ ಗಡಸು ಮಾಡಿ, ಗ್ರೈಂಡ್ ಮಾಡಿದ ಶಾಫ್ಟ್: ಗಡಸುತನ 60 ಎಚ್‌ಆರ್‌ಸಿ ಆಸುಪಾಸು, ವ್ಯಾಸದ ಅಳತೆ ಎಚ್6 ಮಿತಿಯೊಳಗೆ. ಲೀನಿಯರ್ ಬೇರಿಂಗಿಗೆಂದು ಮಾರುವ ಶಾಫ್ಟುಗಳು ಈ ಗುಣದವೇ. ಸ್ಟೇನ್‌ಲೆಸ್ ಬೇಕೇ ಬೇಕೆಂದಾದರೆ ಗಡಸು ಮಾಡಬಲ್ಲ ಬಗೆಯನ್ನೇ ಆರಿಸಿ, ತಳ್ಳುಬಲವನ್ನು ತಯಾರಕರು ಹೇಳಿದಷ್ಟು ಕಡಿತ ಮಾಡಿಕೊಳ್ಳಬೇಕು.

ಉದ್ದ ಹೆಚ್ಚಾದಂತೆ ಶಾಫ್ಟಿನ ವೇಗಕ್ಕೆ ಮಿತಿ ಬೀಳುತ್ತದೆ. ಒಂದು ವೇಗ ಮುಟ್ಟಿದ ಕೂಡಲೇ ಅದು ನಡುವೆ ಬಿಲ್ಲಿನಂತೆ ಬಾಗಿ ಕುಣಿಯತೊಡಗುತ್ತದೆ. ಎರಡೂ ತುದಿಗೆ ಸಾದಾ ಬೇರಿಂಗ್ ಇರುವ ಗಟ್ಟಿ ಉಕ್ಕಿನ ಶಾಫ್ಟಿಗೆ ಆ ವೇಗ ಕಂಡುಹಿಡಿಯಲು ಮಿ.ಮೀ. ಲೆಕ್ಕದ ವ್ಯಾಸವನ್ನು 12 ಕೋಟಿಯಿಂದ ಗುಣಿಸಿ, ಬೇರಿಂಗುಗಳ ನಡುವಿನ ಉದ್ದದ ವರ್ಗದಿಂದ ಭಾಗಿಸಬೇಕು. 20 ಮಿ.ಮೀ. ವ್ಯಾಸ, 1500 ಮಿ.ಮೀ. ಉದ್ದವಾದರೆ ನಿಮಿಷಕ್ಕೆ ಸುಮಾರು 1070 ಸುತ್ತು ಬರುತ್ತದೆ. ಶೇ. 80ಕ್ಕೆ ನಿಲ್ಲಿಸಿ 850 ಎಂದು ಹಿಡಿಯುವುದು ಜಾಣತನ. ಉದ್ದ 1000 ಮಿ.ಮೀ. ಆದರೆ ಇದೇ ಮಿತಿ ಎರಡು ಪಟ್ಟಿಗೂ ಹೆಚ್ಚು.

1500 ಮಿ.ಮೀ. ಉದ್ದದ ಅದೇ ಶಾಫ್ಟ್ ತನ್ನ ತೂಕಕ್ಕೇ ನಡುವೆ 1 ಮಿ.ಮೀ. ಜೋಲುತ್ತದೆ. ಅದರ ಮೇಲೆ 10 ಕಿಲೋ ಕ್ಯಾರೇಜನ್ನು ನೇತುಹಾಕಿದರೆ ಇನ್ನೂ 4 ಮಿ.ಮೀ.ಗೂ ಹೆಚ್ಚು ಬಾಗುತ್ತದೆ. ಆದ್ದರಿಂದ ಒಂದು ನಿಯಮವನ್ನು ಮುರಿಯುವ ಹಾಗಿಲ್ಲ: ಡ್ರೈವ್ ತಳ್ಳಲಿ, ತೂಕವನ್ನು ಬೇರೆ ಗೈಡ್ ರೈಲ್ ಹೊರಲಿ.

ಜೋಡಿಸುವಾಗ

ಗೈಡ್ ರೈಲನ್ನು ಮೊದಲು ಕೂರಿಸಿ, ಶಾಫ್ಟನ್ನು ಅದಕ್ಕೆ ಹೊಂದಿಸುವುದು ಸರಿಯಾದ ಕ್ರಮ. ಕ್ಯಾರೇಜಿಗೆ ಡಯಲ್ ಗೇಜ್ ಕಟ್ಟಿ, ಅದರ ಮುಳ್ಳನ್ನು ಶಾಫ್ಟಿನ ಮೇಲ್ಮೈಗೆ ತಾಗಿಸಿ, ಈ ತುದಿಯಿಂದ ಆ ತುದಿಗೆ ಕೈಯಲ್ಲಿ ತಳ್ಳಿದರೆ ವಾಲಿರುವುದು ಗೊತ್ತಾಗುತ್ತದೆ. ಮೇಲಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ನೋಡಬೇಕು. ಒಂದೇ ಕಡೆ ನೋಡಿ ಬಿಡುವುದು ಸಾಮಾನ್ಯ ತಪ್ಪು. ಸರಿಪಡಿಸಲು ಪ್ಲಮರ್ ಬ್ಲಾಕಿನ ಅಡಿಗೆ ಶಿಮ್ ಕೊಡಬೇಕು. ಒಂದು ತುದಿಯ ಬೇರಿಂಗ್ ಶಾಫ್ಟನ್ನು ಬಿಗಿಯಾಗಿ ಹಿಡಿದರೆ, ಇನ್ನೊಂದು ತುದಿಯದು ಉದ್ದಕ್ಕೆ ಜಾರುವಂತಿರಬೇಕು. ಒಂದೂವರೆ ಮೀಟರ್ ಉಕ್ಕು 30 ಡಿಗ್ರಿ ಬಿಸಿಯೇರಿದರೆ ಅರ್ಧ ಮಿ.ಮೀ. ಬೆಳೆಯುತ್ತದೆ, ಫ್ರೇಮ್ ತಣ್ಣಗಿದ್ದು ಶಾಫ್ಟ್ ಮಾತ್ರ ಬಿಸಿಯಾದಾಗ ಆ ಬೆಳವಣಿಗೆಗೆ ಜಾಗ ಸಿಗದಿದ್ದರೆ ಅದು ಬಾಗದೆ ವಿಧಿಯಿಲ್ಲ.

ಯೂನಿಟ್ ಮತ್ತು ಕ್ಯಾರೇಜಿನ ನಡುವಿನ ಕೊಂಡಿಯೇ ಜೋಡಣೆಯ ಸೂಕ್ಷ್ಮ ಜಾಗ. ಓಟದ ದಿಕ್ಕಿನಲ್ಲಿ ಅದರಲ್ಲಿ ಸ್ವಲ್ಪವೂ ಸಡಿಲ ಇರಬಾರದು, ಇದ್ದರೆ ಪ್ರತಿ ತಿರುವಿನಲ್ಲೂ ಟಕ್ಕೆಂದು ಬಡಿಯುತ್ತದೆ. ಮೇಲೆ-ಕೆಳಗೆ, ಎಡ-ಬಲಕ್ಕೆ ಮಾತ್ರ ಸಡಿಲ ಇರಲೇಬೇಕು. ಫಿಟ್ಟರುಗಳಿಗೆ ಎಲ್ಲವನ್ನೂ ಬೋಲ್ಟಿನಿಂದ ಬಿಗಿದರೇ ಸಮಾಧಾನ. ಹಾಗೆ ಬಿಗಿದಾಗ ಶಾಫ್ಟಿನ ಜೋಲು, ರೈಲಿನ ಸಣ್ಣ ಸೊಟ್ಟ, ಎಲ್ಲವೂ ಉಂಗುರಗಳ ಮೇಲೆ ಹೇರಿಕೆಯಾಗುತ್ತದೆ. ಉದ್ದ ಸೀಳಿನಲ್ಲಿ ಕೂರುವ ಪಿನ್ ಇಟ್ಟರೆ ಯೂನಿಟ್ ಶಾಫ್ಟಿನೊಂದಿಗೆ ಗಿರ್ರನೆ ತಿರುಗದಂತೆಯೂ ತಡೆದಂತಾಯಿತು, ಅಡ್ಡಕ್ಕೆ ಆಡಲು ಬಿಟ್ಟಂತೆಯೂ ಆಯಿತು.

ಯೂನಿಟ್ಟನ್ನು ಶಾಫ್ಟಿಗೆ ಏರಿಸುವ ಮೊದಲು ಶಾಫ್ಟಿನ ತುದಿಯ ಚೂಪು ಅಂಚನ್ನು ಉಜ್ಜಿ ನುಣುಪು ಮಾಡಬೇಕು. ಉಂಗುರಗಳ ಹಿಡಿತ ಬಿಡಿಸುವ ಲಿವರ್ ಇದ್ದರೆ ಅದನ್ನು ಎತ್ತಿ ಕೈಯಲ್ಲೇ ತಳ್ಳಬೇಕು. ಸುತ್ತಿಗೆಗೆ ಇಲ್ಲಿ ಕೆಲಸವಿಲ್ಲ. ಕೀ ಕೂರುವ ತೋಡು, ಗ್ರಬ್ ಸ್ಕ್ರೂ ಗುರುತು ಯಾವುದೂ ಓಟದ ಹಾದಿಯಲ್ಲಿ ಇರಕೂಡದು.

ದಿಕ್ಕಿನ ಪರೀಕ್ಷೆ ತಪ್ಪಿಸುವಂತಿಲ್ಲ. ತುದಿಯ ತಡೆಗೆ ಬಡಿದಾಗ ಯೂನಿಟ್ಟಿನ ದಿಕ್ಕು ಬದಲಿಸುವ ಲಿವರ್ ಉಂಗುರಗಳನ್ನು ಎದುರು ದಿಕ್ಕಿಗೆ ವಾಲಿಸುತ್ತದೆ. ಇದು ಸರಿಯಾಗುವುದು ಶಾಫ್ಟ್ ನಿಗದಿತ ದಿಕ್ಕಿಗೆ ತಿರುಗುತ್ತಿದ್ದಾಗ ಮಾತ್ರ. ರಿಪೇರಿಗೆ ಬಿಚ್ಚಿದ ತ್ರೀ-ಫೇಸ್ ಮೋಟಾರಿನ ಎರಡು ವೈರುಗಳು ಅದಲುಬದಲಾದರೆ ಶಾಫ್ಟ್ ಹಿಂದುಮುಂದಾಗಿ ತಿರುಗುತ್ತದೆ. ಆಗ ತಡೆ ತಾಗುವ ಹೊತ್ತಿಗೆ ಲಿವರ್ ಆಗಲೇ ತಳ್ಳಿಸಿಕೊಂಡ ಕಡೆಯೇ ಇರುವುದರಿಂದ ಅದು ಹೊರಳುವುದಿಲ್ಲ. ಯೂನಿಟ್ ತಡೆಗೆ ಒತ್ತಿಕೊಂಡು ನಿಂತಲ್ಲೇ ಜಾರುತ್ತ ಶಾಫ್ಟನ್ನು ಉಜ್ಜುತ್ತದೆ. ಮೋಟಾರ್ ಮುಟ್ಟಿದ ಪ್ರತಿ ಸಲವೂ ಬೆಲ್ಟ್ ಹಾಕುವ ಮೊದಲು ತಿರುಗುವ ದಿಕ್ಕು ನೋಡಿಕೊಂಡರೆ ಇದು ತಪ್ಪುತ್ತದೆ. ಶಾಫ್ಟಿನ ತುದಿಯಲ್ಲಿ ಬಣ್ಣದ ಬಾಣದ ಗುರುತು ಬರೆದಿಡುವುದು ಒಳ್ಳೆಯದು.

ತುದಿಯ ತಡೆಗಳನ್ನು ಕೊನೆಯ ಹೊಂದಿಕೆಗೆ ತರುವುದು ಯಂತ್ರ ನಿಜವಾದ ವೇಗದಲ್ಲಿ ಓಡುವಾಗಿನ ಸುತ್ತನ್ನು ನೋಡಿ. ನಿಧಾನಕ್ಕೆ ಓಡಿಸಿ ಹೊಂದಿಸಿದ ತಡೆ ವೇಗ ಏರಿದಾಗ ಕೆಲವೇ ಮಿ.ಮೀ. ತಪ್ಪುತ್ತದೆ, ಸ್ಪೂಲಿನ ಅಂಚಿನಲ್ಲಿ ವೈರು ದಿಬ್ಬವಾಗಿ ಪೇರುವುದಕ್ಕೆ ಅಷ್ಟೇ ಸಾಕು. ಗುರುತು ಹಾಕಿಕೊಂಡು, ಯಂತ್ರ ನಿಲ್ಲಿಸಿ ಸರಿಸಿ, ಮತ್ತೆ ಓಡಿಸಿ ನೋಡಬೇಕು. ಲಂಬವಾಗಿ ಓಡುವ ಯಂತ್ರವಾದರೆ ಘರ್ಷಣೆಯ ಹಿಡಿತವೊಂದನ್ನೇ ನಂಬಿ ಭಾರ ತೂಗಿಬಿಡಬಾರದು. ಸಮತೂಕದ ಕಲ್ಲೋ ಬೀಳದಂತೆ ತಡೆಯುವ ಬ್ರೇಕೋ ಇರಲೇಬೇಕು.

ಸುರಕ್ಷತೆಯ ವಿಷಯದಲ್ಲಿ ಈ ಡ್ರೈವಿಗೆ ಒಂದು ವಿಚಿತ್ರ ಅಪಾಯವಿದೆ. ಸ್ಕ್ರೂ ತಿರುಗುವುದು ಕಣ್ಣಿಗೆ ಕಾಣುತ್ತದೆ, ಹೊಳೆಯುವ ನುಣುಪು ಶಾಫ್ಟ್ ತಿರುಗುವುದು ಕಾಣುವುದೇ ಇಲ್ಲ. ನಿಂತಿದೆಯೆಂದು ಬಗ್ಗಿದವರ ದುಪಟ್ಟಾ, ತೋಳು, ಕೂದಲು ಸಿಕ್ಕಿಕೊಳ್ಳಬಹುದು. ಗಾರ್ಡ್ ಹಾಕದೆ ಚಾಲೂ ಮಾಡಬಾರದು.

ನಿಗಾ

ಶಾಫ್ಟನ್ನು ಎಣ್ಣೆ ಹಚ್ಚಿದ, ಎಳೆ ಬಿಡದ ಬಟ್ಟೆಯಿಂದ ಒರೆಸಿ, ಬೆರಳಿಗೆ ಹತ್ತಿಯೂ ಹತ್ತದಷ್ಟು ತೆಳುವಾದ ಪದರ ಉಳಿಸಬೇಕು. ಕಾಟನ್ ವೇಸ್ಟ್ ಬಳಸಿದರೆ ಅದರ ಎಳೆಗಳು ಉಂಗುರದ ಕೆಳಗೆ ಸೇರುತ್ತವೆ. ಸಾಮಾನ್ಯ ಜಾಗದಲ್ಲಿ ತಿಂಗಳಿಗೊಮ್ಮೆ ಒರೆಸಿದರೆ ಸಾಕು; ತಾಮ್ರದ ಪುಡಿ, ಹತ್ತಿಯ ಧೂಳು, ಕೇಬಲ್ಲಿಗೆ ಎರಚುವ ಟಾಲ್ಕಂ ಇರುವ ಕಡೆ ವಾರವಾರ ಬೇಕು. ಒಣಗಿದ ಶಾಫ್ಟ್ ಹೆಚ್ಚು ಹಿಡಿತ ಕೊಡುತ್ತದೆಂದು ಎಣ್ಣೆಯನ್ನೇ ಬಿಡುವವರಿದ್ದಾರೆ. ಆಗ ಸವೆತ ಶುರುವಾಗಿ ಕಂದು ಪುಡಿ ಉದುರುತ್ತದೆ, ಕರಾವಳಿಯ ಮಳೆಗಾಲವಾದರೆ ತುಕ್ಕೂ ಸೇರುತ್ತದೆ. ಇದರ ಎದುರು ತುದಿಯ ತಪ್ಪು ಇನ್ನೂ ಕೆಟ್ಟದ್ದು: ಗ್ರಾಫೈಟ್, ಮಾಲಿಬ್ಡಿನಂ ಡೈಸಲ್ಫೈಡ್, ಟೆಫ್ಲಾನ್ ಬೆರೆತ ಗ್ರೀಸು ಅಥವಾ ಸ್ಪ್ರೇ. ಅವು ಇರುವುದೇ ಘರ್ಷಣೆಯನ್ನು ಕೊಲ್ಲಲು. ಸ್ಟೋರಿನಿಂದ ಬಂದ ಕಪ್ಪು ಗ್ರೀಸನ್ನು ಕಣ್ಣು ಮುಚ್ಚಿ ಹಚ್ಚಿದರೆ ಡ್ರೈವ್ ನಿಂತಲ್ಲೇ ಜಾರುತ್ತದೆ, ಶಾಫ್ಟನ್ನು ಪೂರ್ತಿ ತೊಳೆಯದೆ ಬೇರೆ ದಾರಿಯಿರದು. ಇಂಥ ಯಾವ ಬೆರಕೆಯೂ ಇಲ್ಲದ ಸಾದಾ ಬೇರಿಂಗ್ ಗ್ರೀಸು ಅಥವಾ ತೆಳು ಯಂತ್ರದ ಎಣ್ಣೆ ಸಾಕು.

ಯೂನಿಟ್ ಜಾರತೊಡಗಿದಾಗ ಕೈ ತಾನಾಗಿಯೇ ಅಲೆನ್ ಕೀ ಕಡೆಗೆ ಹೋಗುತ್ತದೆ. ಸ್ಪ್ರಿಂಗನ್ನು ಅರ್ಧ ಸುತ್ತು ಬಿಗಿದರೆ ಜಾರುವುದು ನಿಲ್ಲುವುದೂ ನಿಜ. ಆದರೆ ಜಾರುವಿಕೆ ಈ ಡ್ರೈವಿನ ರೋಗವಲ್ಲ, ರಕ್ಷಣೆ. ಕ್ಯಾರೇಜ್ ಎಲ್ಲೋ ಸಿಕ್ಕಿಕೊಂಡಾಗ ಏನೂ ಮುರಿಯದಿರಲೆಂದೇ ಅದು ಜಾರುತ್ತದೆ. ಸ್ಕ್ರೂ ಆಗಿದ್ದರೆ ನಟ್ಟೋ ಕಪ್ಲಿಂಗೋ ಹೋಗುತ್ತಿತ್ತು. ಆದ್ದರಿಂದ ಬಿಗಿಯುವ ಮೊದಲು ಕಾರಣ ಹುಡುಕಬೇಕು. ಯಂತ್ರ ನಿಲ್ಲಿಸಿ, ಕೊಂಡಿ ಕಳಚಿ, ಕ್ಯಾರೇಜನ್ನು ಒಂದೇ ಬೆರಳಿನಿಂದ ಉದ್ದಕ್ಕೂ ತಳ್ಳಿ ನೋಡಿದರೆ ಎಲ್ಲಿ ಹಿಡಿಯುತ್ತದೆ ಎಂಬುದು ಸಿಗುತ್ತದೆ. ಒಂದೇ ಜಾಗದಲ್ಲಿ ಹಿಡಿದರೆ ರೈಲಿನಲ್ಲಿ ಕಸ ಅಥವಾ ಪೆಟ್ಟು. ಎಲ್ಲೆಡೆ ಒಂದೇ ಸಮ ಭಾರವಾಗಿದ್ದರೆ ಒಣಗಿದ ಇಲ್ಲವೇ ಸವೆದ ಗೈಡ್ ಬೇರಿಂಗ್. ಕ್ಯಾರೇಜ್ ಹಗುರಾಗಿ ಓಡಿಯೂ ಡ್ರೈವ್ ಜಾರುತ್ತಿದ್ದರೆ ಆಗ ಶಾಫ್ಟಿನ ಮೇಲಿನ ಎಣ್ಣೆ, ಆಮೇಲೆ ವೈರಿನ ಎಳೆತ, ಕಟ್ಟಕಡೆಗೆ ಸ್ಪ್ರಿಂಗು. ಹೊಸ ಯಂತ್ರ ಸರಿಯಾಗಿ ಓಡುತ್ತಿರುವಾಗಲೇ ಸ್ಪ್ರಿಂಗ್ ತಕ್ಕಡಿ ಕೊಕ್ಕೆ ಹಾಕಿ, ನಿಧಾನ ವೇಗದಲ್ಲಿ ಒಂದೆರಡು ಕ್ಷಣ ತಡೆದು ಎಷ್ಟಕ್ಕೆ ಜಾರುತ್ತದೆಂದು ನೋಡಿ ಬರೆದಿಟ್ಟರೆ ಮುಂದಿನ ಹೋಲಿಕೆಗೆ ಅದೇ ಆಧಾರ.

ಶಾಫ್ಟಿನ ಮೇಲೆ ಒಂದೇ ಸಮ ಮಂಕಾದ ಹೊಳಪು ಕಂಡರೆ ಅದು ಓಡಿದ ಗುರುತು, ಚಿಂತೆಯಿಲ್ಲ. ಉಗುರಿಗೆ ತಗಲುವ ಸುರುಳಿ ಗೆರೆ, ಸಣ್ಣ ಕುಳಿ, ಹಕ್ಕಳೆಯಾಗಿ ಏಳುವ ಪದರ ಕಂಡರೆ ಶಾಫ್ಟಿನ ಆಯಸ್ಸು ಮುಗಿಯಿತು. ಎರಡೂ ತುದಿ ಒಂದೇ ಅಳತೆಯಲ್ಲಿದ್ದು, ಓಟವೂ ಸವೆತವೂ ಶಾಫ್ಟಿನ ಒಂದು ಅರ್ಧಕ್ಕೆ ಮಾತ್ರ ಇದ್ದರೆ ಶಾಫ್ಟನ್ನು ತಿರುಗಿಸಿ ಹಾಕಿ ಇನ್ನಷ್ಟು ಕಾಲ ತಳ್ಳಬಹುದು. ಹೆಚ್ಚು ಕಾಲ ನಿಲ್ಲಿಸುವ ಯಂತ್ರದಲ್ಲಿ ಬಿಡಿಸುವ ಲಿವರ್ ಎತ್ತಿಡಬೇಕು. ಇಲ್ಲದಿದ್ದರೆ ಪಕ್ಕದ ಯಂತ್ರಗಳ ನಡುಕಕ್ಕೆ ಉಂಗುರಗಳು ನಿಂತ ಜಾಗದಲ್ಲೇ ಶಾಫ್ಟನ್ನು ಕುಟ್ಟಿ ಗುಳಿ ಮಾಡುತ್ತವೆ.

ಉಂಗುರಗಳನ್ನು ಬದಲಿಸುವಾಗ ಒಂದನ್ನಷ್ಟೇ ಬದಲಿಸಬಾರದು. ಹೊಸದೊಂದು ಹಳೆಯವೆರಡು ಸೇರಿದರೆ ಒತ್ತಡ ಸಮನಾಗಿ ಹಂಚಿಕೆಯಾಗದು. ಸವೆದ ಶಾಫ್ಟಿನ ಮೇಲೆ ಹೊಸ ಯೂನಿಟ್ ಏರಿಸುವುದಂತೂ ಹಣ ಹಾಳು ಮಾಡುವ ಕೆಲಸ. ಶಾಫ್ಟಿನ ಬೆಲೆ ಯೂನಿಟ್ಟಿನ ಬೆಲೆಗಿಂತ ಎಷ್ಟೋ ಕಡಿಮೆ. ಅನುಮಾನವಿದ್ದಾಗ ಮೊದಲು ಶಾಫ್ಟನ್ನೇ ಬದಲಿಸಿ ನೋಡಿ.